ನಾಲ್ಕನೇ ವಾರ್ಡಿನ ಎತ್ತರದ ಕಂಬ

"ಈ ಕಂಬ ಎಳೆದ ಮಹಾನುಭಾವರು ಯಾರು? ನೀವೇನಾ?"

ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ ನುಗ್ಗಿದ ನಾಲ್ಕನೇ ವಾರ್ಡಿನ ಸಿಸ್ಟರ್, ಕೈಯಲ್ಲಿದ್ದ ಕಾಗದವನ್ನು ಅವನ ಕೀಬೋರ್ಡಿನ ಮೇಲೆ ಎಸೆದಳು.

ಆಸ್ಪತ್ರೆಯ ಲೆಕ್ಕಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಂಬಗಳ ಚಾರ್ಟ್ ಮಾಡಿಕೊಡುವುದು ಅವನ ಕೆಲಸ. ಎಲ್ಲರೂ ಅವನನ್ನು ಕಂಬದರಾಯ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ.

ಅವನು ಕಾಗದವನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ.

"ನಾನೇ. ಏನೀಗ?"

ಏನೀಗ ಅಂತೆ! ಅವಳ ಮೈಯೆಲ್ಲ ಉರಿದುಹೋಯಿತು.

ಕಾಗದದಲ್ಲಿ ಆರು ವಾರ್ಡುಗಳಿಗೆ ಆರು ಕಂಬ. ಐದು ಗಿಡ್ಡ. ನಾಲ್ಕನೆಯದು ಮಾತ್ರ ಕೆಂಪಗೆ, ಹಾಳೆಯ ನೆತ್ತಿಯವರೆಗೆ. ಅದರ ತುದಿಯಲ್ಲಿ ನಲವತ್ತೊಂದು ಎಂಬ ಸಂಖ್ಯೆ, ಎಡಗಡೆ ಒಂದೇ ಒಂದು ಪದ: 'ಬಿದ್ದವರು'.

ಇದುವರೆಗೆ ಪ್ರತಿ ತಿಂಗಳೂ ಮುಖ್ಯ ವೈದ್ಯರ ಮೇಜಿಗೆ ಮಾತ್ರ ಹೋಗುತ್ತಿದ್ದ ಚಾರ್ಟು ಈ ಸಲ ನೋಟಿಸ್ ಬೋರ್ಡಿಗೆ ಬಂದಿತ್ತು. ಜೊತೆಗೊಂದು ನೋಟಿಸು. ರೋಗಿಗಳು ಹೆಚ್ಚು ಬೀಳುವ ವಾರ್ಡಿನ ಮೇಲ್ವಿಚಾರಕಿಯನ್ನು ಗುರುವಾರದ ಮೀಟಿಂಗಿನಲ್ಲಿ ಬದಲಾಯಿಸಲಾಗುವುದು. ಒಂಬತ್ತು ವರ್ಷ ಅವಳು ಜೀವ ತೇದ ವಾರ್ಡು... ಇನ್ನು ಮೂರೇ ದಿನ!

"ನನ್ನ ವಾರ್ಡಲ್ಲಿ ಬಿದ್ದಿದ್ದು ಎಂಟು ಜನ. ಉಳಿದ ಮೂವತ್ತಮೂರು ಜನರನ್ನ ಬೀಳೋಕೆ ಮುಂಚೆನೇ ನಾವು ಹಿಡ್ಕೊಂಡಿದ್ವಿ. ಅವರನ್ನೂ ಬಿದ್ದವರು ಅಂತ ಬರೆದ್ರೆ ಹೇಗ್ರೀ?"

"ನೀವು ಕಳಿಸಿದ್ದು ನಲವತ್ತೊಂದು. ನಾನು ಎಳೆದಿದ್ದೂ ನಲವತ್ತೊಂದು."

"ಅದು ಎರಡೂ ಸೇರಿದ ಮೊತ್ತ!"

"ಸಿಸ್ಟರ್..." ಅವನ ದನಿ ತಣ್ಣಗಿತ್ತು. "ಕಂಬ ಉದ್ದ ಬಂದವರೆಲ್ಲ ಇಲ್ಲಿಗೆ ಬರ್ತಾರೆ. ಒಬ್ಬರು ಬಣ್ಣ ಬದಲಾಯಿಸಿ ಅಂತಾರೆ. ಇನ್ನೊಬ್ಬರು ಅಳತೆ ಹಿಗ್ಗಿಸಿ, ಕಂಬ ಗಿಡ್ಡ ಕಾಣ್ಲಿ ಅಂತಾರೆ. ನೀವು ಹೊಸ ಕಥೆ ತಂದಿದ್ದೀರಿ, ಅಷ್ಟೇ."

ಕಥೆ! ಒಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಸುಳ್ಳಿ ಎಂದಿರಲಿಲ್ಲ.

"ಆ ಕುರ್ಚಿಗೆ ಅಂಟು ಹಾಕ್ಕೊಂಡು ಕೂತಿಲ್ಲ ತಾನೆ? ಒಂದಿನ ವಾರ್ಡಿಗೆ ಬಂದು ಕಣ್ಣಾರೆ ನೋಡಿ. ಆಮೇಲೆ ಹೇಳಿ, ಕಥೆನೋ ನಿಜನೋ ಅಂತ!"

ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಂಬದರಾಯ ವಾರ್ಡಿನ ಬಾಗಿಲಲ್ಲಿ ಪ್ರತ್ಯಕ್ಷ! ಕೈಯಲ್ಲೊಂದು ನೋಟ್‌ಬುಕ್, ಮುಖದಲ್ಲಿ ಹರಳೆಣ್ಣೆ ಕುಡಿದ ಕಳೆ.

"ಏನು, ತನಿಖೆಗಾ?"

"ಕರೆದಿದ್ದು ನೀವೇ."

"ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಯಾರ ದಾರಿಗೂ ಅಡ್ಡ ಬರ್ಬೇಡಿ."

ಅವನು ಕೂತ. ಒಂದು ಗಂಟೆ ಕಳೆಯಿತು. ಅವಳು ಗ್ಲೂಕೋಸ್ ಬಾಟಲಿ ಬದಲಾಯಿಸಿದಳು, ಜ್ವರ ನೋಡಿದಳು, ಇಬ್ಬರನ್ನು ಗದರಿದಳು. ಅವನ ನೋಟ್‌ಬುಕ್ ಖಾಲಿಯೇ ಇತ್ತು.

"ಯಾರೂ ಬೀಳೋ ಹಾಗೆ ಕಾಣ್ತಿಲ್ಲ," ಎಂದ ಗಡಿಯಾರ ನೋಡುತ್ತ.

"ನಿಮಗೆ ಬೇಜಾರಾಗ್ತಿದ್ರೆ ಯಾರನ್ನಾದ್ರೂ ತಳ್ಳಲಾ? ಬಂದಿರೋದೇ ನನ್ನ ತಪ್ಪು ಹುಡುಕೋಕೆ ಅಲ್ವಾ? ನಿಮ್ಮಂಥವರಿಗೆ..."

ಮಾತು ಅರ್ಧಕ್ಕೇ ನಿಂತಿತು. ಅವಳು ಓಡಿದ್ದಳು.

ಎಂಟನೇ ಹಾಸಿಗೆಯ ಅಜ್ಜ ಯಾರನ್ನೂ ಕರೆಯದೆ ಎದ್ದು ನಿಂತಿದ್ದರು. ಒಂದು ಹೆಜ್ಜೆ... ಮೊಣಕಾಲು ಕುಸಿಯಿತು! ಅವನು ಸ್ಟೂಲಿನಿಂದ ಏಳುವಷ್ಟರಲ್ಲಿ ಅವಳು ಅಜ್ಜನ ಕಂಕುಳಿಗೆ ಭುಜ ಕೊಟ್ಟು, ಸೊಂಟ ಬಳಸಿ ಹಿಡಿದಾಗಿತ್ತು.

"ಬಾತ್‌ರೂಮಿಗೆ ಹೋಗ್ಬೇಕಾದ್ರೆ ನನ್ನ ಕರೀಬೇಕು ಅಂತ ಎಷ್ಟು ಸಲ ಹೇಳಿದ್ದೀನಿ ಅಜ್ಜ?"

"ನೀನು ಜಗಳದಲ್ಲಿದ್ದೆ ತಾಯಿ. ನಡುವೆ ಬಾಯಿ ಹಾಕೋದು ಬೇಡ ಅಂತ..."

ಅಜ್ಜನನ್ನು ಬಾತ್‌ರೂಮಿಗೆ ಕರೆದೊಯ್ದು ಮತ್ತೆ ಮಲಗಿಸಿ ಬಂದವಳು ನೇರ ರಿಜಿಸ್ಟರ್ ತೆರೆದಳು. ಹಾಸಿಗೆ ಎಂಟು, ಹನ್ನೊಂದು ಗಂಟೆ ಹತ್ತು ನಿಮಿಷ.

"ಅವರು ಬೀಳಲಿಲ್ಲವಲ್ಲ. ಮತ್ತೆ ಯಾಕೆ ಬರೀತೀರಿ?" ಅವನ ದನಿಯಲ್ಲಿ ನಿನ್ನೆಯ ಕೊಂಕು ಇರಲಿಲ್ಲ.

"ನಾಳೆನೂ ಇದೇ ಹೊತ್ತಿಗೆ ಏಳ್ತಾರೆ. ಬರೆದಿಟ್ರೆ ಆ ಪಾಳಿಯವರು ಪಕ್ಕದಲ್ಲಿ ನಿಂತಿರ್ತಾರೆ. ಬರೀದೇ ಇದ್ರೆ ನಾಳೆ ಸೊಂಟ ಮುರಿಯುತ್ತೆ. ಬೇರೆ ವಾರ್ಡಲ್ಲಿ ಇದನ್ನ ಯಾರೂ ಬರೆಯಲ್ಲ. ನಾವು ಬರೀತೀವಿ, ಅದಕ್ಕೇ ನಮ್ಮ ಕಂಬ ಉದ್ದ!"

ಅವನು ಬಗ್ಗಿ ರಿಜಿಸ್ಟರ್ ನೋಡಿದ. ಹಾಳೆಯ ಮೇಲ್ಭಾಗದಲ್ಲಿ ಅಚ್ಚಾಗಿತ್ತು: 'ಬಿದ್ದವರು ಹಾಗೂ ಬೀಳುವ ಮುನ್ನ ಹಿಡಿಯಲಾದವರು'.

ಅವನ ಮುಖ ಬಿಳಿಚಿಕೊಂಡಿತು. ಒಂದು ಮಾತೂ ಆಡದೆ ನಡೆದುಬಿಟ್ಟ.

'ಕಣ್ಣಾರೆ ಕಂಡ ಮೇಲೂ ಒಂದು ಮಾತಿಲ್ಲ! ಎಂಥ ಕಲ್ಲು ಮನುಷ್ಯ!' ಅವಳ ಕಣ್ಣು ತುಂಬಿ ಬಂತು. ಅಳು ಬಂದಿದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಅಂದು ಸಂಜೆ, ಮರುದಿನ ಸಂಜೆ, ಮನೆಯಲ್ಲಿ ಅವನದೇ ಪುರಾಣ. ಅವನ ಸೊಕ್ಕು, ಅವನ ನೋಟ್‌ಬುಕ್, ಅವನು ಕೂತ ಭಂಗಿ. ಅಮ್ಮ ಬಟ್ಟೆ ಮಡಿಸುತ್ತ ಕೇಳಿಸಿಕೊಂಡರು.

"ಅಲ್ವೇ, ನಿನಗೆ ಆಗದವರು ಆಸ್ಪತ್ರೇಲಿ ಹತ್ತು ಜನ ಇದ್ದಾರೆ. ಒಬ್ಬರ ಅಂಗಿ ಬಣ್ಣ ಕೂಡ ನೀನು ಇಲ್ಲೀವರೆಗೆ ಹೇಳಿರಲಿಲ್ಲ."

"ಅಮ್ಮಾ!"

ಅವಳು ಎದ್ದು ಒಳಗೆ ಹೋದಳು. ಅವನ ಅಂಗಿ ತಿಳಿನೀಲಿ ಎಂದು ತಾನು ಯಾವಾಗ ಹೇಳಿದ್ದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಗುರುವಾರ. ಮೀಟಿಂಗಿನಲ್ಲಿ ಅವಳು ರಿಜಿಸ್ಟರ್ ಎದೆಗವಚಿಕೊಂಡು, ಯುದ್ಧಕ್ಕೆ ಸಿದ್ಧಳಾಗಿ ಕೂತಿದ್ದಳು. ಮುಖ್ಯ ವೈದ್ಯರು "ನಾಲ್ಕನೇ ವಾರ್ಡ್" ಎನ್ನುತ್ತಿದ್ದಂತೆ ಎದ್ದು ನಿಂತವನು ಅವನು.

"ಸರ್, ಆ ಚಾರ್ಟ್ ತಪ್ಪು. ತಪ್ಪು ಮಾಡಿದ್ದು ನಾನು."

ಪರದೆಯ ಮೇಲೆ ಹೊಸ ಚಾರ್ಟ್ ಬಂತು. ಬಿದ್ದವರಿಗೆ ಗಾಢ ಬಣ್ಣ, ಹಿಡಿಯಲಾದವರಿಗೆ ತಿಳಿ ಬಣ್ಣ. ನಾಲ್ಕನೇ ಕಂಬದ ಬುಡದಲ್ಲಿ ಗಾಢವಾಗಿ ಎಂಟು, ಆರರಲ್ಲೂ ಕಡಿಮೆ. ಅದರ ಮೇಲೆ ತಿಳಿಯಾಗಿ ಮೂವತ್ತಮೂರು. ಉಳಿದ ಐದು ಕಂಬಗಳಲ್ಲಿ ತಿಳಿ ಬಣ್ಣವೇ ಇರಲಿಲ್ಲ.

"ರಿಜಿಸ್ಟರಿನ ಪೂರ್ತಿ ಹೆಸರು ಚಾರ್ಟಿನ ಪಕ್ಕ ಹಿಡಿಸ್ತಿರಲಿಲ್ಲ ಸರ್. ಎರಡು ಸಾಲಾಗಿ ಅಂಕಿಗಳ ಮೇಲೆ ಹತ್ತಿ ಕೂರ್ತಿತ್ತು. ನೋಡೋಕೆ ಚೆನ್ನಾಗಿಲ್ಲ ಅಂತ ಎರಡು ವರ್ಷದ ಹಿಂದೆ ನಾನೇ ಕತ್ತರಿಸಿ, 'ಬಿದ್ದವರು' ಅಂತಷ್ಟೇ ಉಳಿಸಿದೆ. ಆಮೇಲೆ ಕತ್ತರಿಸಿದ್ದೇ ಮರೆತು ಪ್ರತಿ ತಿಂಗಳೂ ಅದನ್ನೇ ನಕಲು ಮಾಡ್ದೆ. ಸಿಸ್ಟರ್ ಬಂದು ಹೇಳಿದಾಗಲೂ ನಂಬದೆ ಅವಮಾನ ಮಾಡ್ದೆ."

ಮುಖ್ಯ ವೈದ್ಯರು ನೋಟಿಸ್ ಹಿಂತೆಗೆದುಕೊಂಡರು. ಇನ್ನು ಮೇಲೆ ಎಲ್ಲ ವಾರ್ಡಿನವರೂ ಹಿಡಿದದ್ದನ್ನೂ ಬರೆಯಬೇಕೆಂದರು. ಆಮೇಲೆ ಅವನತ್ತ ತಿರುಗಿದರು.

"ಇಪ್ಪತ್ನಾಲ್ಕು ತಿಂಗಳ ಚಾರ್ಟೂ ಹೊಸದಾಗಿ ಮಾಡಿ. ಅಲ್ಲೀವರೆಗೆ ನಿಮ್ಮ ಬಡ್ತಿ ಮಾತೆತ್ತಬೇಡಿ."

ವಾರ್ಡು ಉಳಿಯಿತು! ಅವಳು ಕುಣಿಯಬೇಕಿತ್ತು. ಕುಣಿಯಲಿಲ್ಲ. ಮಧ್ಯಾಹ್ನ ಪಾಳಿ ಮುಗಿದದ್ದೇ ತಡ, ರಿಜಿಸ್ಟರ್ ಕೈಯಲ್ಲಿ ಹಿಡಿದೇ ಅವನ ಕೋಣೆಗೆ ನುಗ್ಗಿದಳು.

"ಎಲ್ಲರೆದುರಿಗೆ ತಲೆ ಕೊಡಿ ಅಂತ ನಿಮಗೆ ಯಾರು ಹೇಳಿದ್ರು? ಮಂಗಳವಾರನೇ ನನಗೆ ಹೇಳಿದ್ರೆ ಮುಗೀತಿತ್ತು. ಮೂಗನ ಥರ ಎದ್ದು ಹೋದ್ರಲ್ಲ! ಎರಡು ದಿನ ನಾನು ಸರಿಯಾಗಿ ಊಟ ಮಾಡಿಲ್ಲ, ಗೊತ್ತಾ? ಕ್ಷಮಿಸಿ ಅನ್ನೋಕೆ ಬಾಯಿರಲಿಲ್ವಾ?"

"ಕ್ಷಮೆ ಒಂದೇ ಆಗಿದ್ರೆ ಅಲ್ಲೇ ಕೇಳಿಬಿಡ್ತಿದ್ದೆ..."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಮತ್ತೇನಿತ್ತು?"

ಅವನು ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಸಿಟ್ಟಿಲ್ಲದೆ ನೋಡಿದ್ದು ಅದೇ ಮೊದಲು.

"ನೀವು ಅವರನ್ನೆಲ್ಲ ನೋಡ್ಕೊಳ್ಳೋದನ್ನ ಒಂದು ಗಂಟೆ ನೋಡಿದೆ. ಅಲ್ಲಿಂದ ಏಳೋಕೆ ಮನಸ್ಸಿರಲಿಲ್ಲ. ನಿಮ್ಮ ಅನ್ನಕ್ಕೇ ಕಲ್ಲು ಹಾಕಿದವನು ನಾನು ಅಂತ ಗೊತ್ತಾಯ್ತು. ಯಾವ ಮುಖ ಇಟ್ಕೊಂಡು ಹೇಳ್ಲಿ? ನಿಮಗೆ ನನ್ನ ಕಂಡ್ರೆ ಆಗಲ್ಲ, ಗೊತ್ತು. ಆದ್ರೂ ಹೇಳ್ತೀನಿ... ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು ಎಳೆದು, ಅವನ ಪಕ್ಕ ಹಾಕಿ, ಕೂತು, ರಿಜಿಸ್ಟರ್ ತೆರೆದಳು.

"ಹಳೇ ಮೊತ್ತಗಳನ್ನ ಬಿಡಿಸೋದು ನಿಮ್ಮೊಬ್ಬರಿಂದ ಆಗಲ್ಲ. ನಾನು ಓದ್ತೀನಿ, ನೀವು ಎಳೀರಿ. ದಿನಾ ಪಾಳಿ ಮುಗಿಸ್ಕೊಂಡು ಬರ್ತೀನಿ."

"ಇಪ್ಪತ್ನಾಲ್ಕು ತಿಂಗಳಿದು ಸಿಸ್ಟರ್... ತುಂಬಾ ದಿನ ಹಿಡಿಯುತ್ತೆ."

"ಹಿಡೀಲಿ."

"ಇದನ್ನ ನಾನು ಏನಂತ ತಿಳ್ಕೊಳ್ಲಿ?"

"ಅದನ್ನೂ ನಾನೇ ಬಿಡಿಸಿ ಹೇಳ್ಬೇಕಾ? ನನಗೂ ಇಷ್ಟನೇ ರೀ!" ಎಂದು ರೇಗಿದಳು. ಮುಖ ಕಿವಿಯವರೆಗೂ ಕೆಂಪಾಗಿತ್ತು. "ಹಾಗೆ ನೋಡ್ತಾ ಕೂರ್ಬೇಡಿ. ಮೊದಲನೇ ತಿಂಗಳು ತೆಗೀರಿ."