ಹಳ್ಳದ ತಿರುವಿನಿಂದ ಮೇಲೇರದ ಮಾತು

"ಇವು ಕೆಟ್ಟಿವೆ. ತಗೊಂಡು ಇನ್ನೂ ತಿಂಗಳಾಗಿಲ್ಲ."

ಅವನು ಎರಡು ವಾಕಿಟಾಕಿಗಳನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಅವಳು ಬೆಸೆಯುತ್ತಿದ್ದ ತಂತಿ ಜಾರಿತು. ರೇಡಿಯೋ ರಿಪೇರಿಯ ಆ ಅಂಗಡಿ ಅವಳ ಅಪ್ಪನದು. ಅಪ್ಪನ ಕೈ ನಡುಗತೊಡಗಿದ ಮೇಲೆ ಕೆಲಸವೆಲ್ಲ ಅವಳದೇ.

ಅವಳು ಒಂದನ್ನು ಎತ್ತಿಕೊಂಡು ಬಟನ್ ಒತ್ತಿ ಹಲೋ ಎಂದಳು. ಮೇಜಿನ ಮೇಲಿದ್ದ ಇನ್ನೊಂದು ಸ್ಪಷ್ಟವಾಗಿ ಹಲೋ ಎಂದಿತು.

"ಎಲ್ಲಿ ನಿಂತು ಮಾತಾಡಿದ್ರಿ?"

"ಗುಡ್ಡದ ಹಿಂದೆ."

"ಹಾಗಾದ್ರೆ ಗುಡ್ಡ ತಗೊಂಡು ಬನ್ನಿ. ಅದನ್ನೇ ರಿಪೇರಿ ಮಾಡೋಣ."

ಮೂಲೆಯಲ್ಲಿ ಕುಳಿತಿದ್ದ ಅಪ್ಪ ಕೆಮ್ಮಿ ನಗು ಮುಚ್ಚಿಕೊಂಡರು.

ಬಂದವನು ಪಶುವೈದ್ಯ, ಊರವರ ಬಾಯಲ್ಲಿ ದನದ ಡಾಕ್ಟರು. ದಾರಿಯಿಲ್ಲದ ಕಡೆಯೇ ಜೀಪು ಓಡಿಸುವ ಹನ್ನೆರಡು ಜನರ ತಂಡಕ್ಕೆ ಮುಂದಾಳು. ಸಿಟ್ಟು ಇಳಿದ ಮೇಲೆ ವಿಷಯ ಹೇಳಿದ. ಹೋದ ವರ್ಷದ ಗುಡ್ಡದ ಓಟದಲ್ಲಿ ಕೊನೆಯ ಜೀಪು ಕೆಸರಿನಲ್ಲಿ ಜಾರಿ ಮಗುಚಿತ್ತು. ಮೊಬೈಲು ಅಲ್ಲಿ ಬರೀ ಗಡಿಯಾರ. ಮುಂದಿದ್ದವರಿಗೆ ಸುದ್ದಿ ತಿಳಿದದ್ದು ಒಂದು ಗಂಟೆಯ ನಂತರ. ಕಾಲು ಮುರಿದುಕೊಂಡವನು ಅಷ್ಟು ಹೊತ್ತೂ ಹಾರನ್ ಒತ್ತುತ್ತಲೇ ಇದ್ದನಂತೆ. ಈ ಸಲ ಯಾವ ರೇಡಿಯೋ ಒಯ್ಯಬೇಕು ಎಂದು ತೀರ್ಮಾನಿಸುವ ಹೊಣೆ ಇವನ ಹೆಗಲಿಗೆ ಬಿದ್ದಿತ್ತು.

ಕೈಯಲ್ಲಿ ಹಿಡಿಯುವ ವಾಕಿಟಾಕಿ ಸಾಕೋ, ಚಾವಣಿಯ ಮೇಲೆ ಆಂಟೆನಾ ನಿಲ್ಲಿಸಿ ಗಾಡಿಗೇ ಕೂರಿಸುವ ದೊಡ್ಡ ಸೆಟ್ಟು ಬೇಕೋ... ಅಂಗಡಿಯಲ್ಲಿ ಕುಳಿತು ಹೇಳುವ ಮಾತಲ್ಲ, ಗುಡ್ಡವನ್ನೇ ಕೇಳಬೇಕು ಎಂದಳು ಅವಳು.

ಹೀಗೆ ಭಾನುವಾರಗಳು ಶುರುವಾದವು.

ಅವಳು ಗುಡ್ಡದ ನೆತ್ತಿಯಲ್ಲಿ, ಅಪ್ಪನ ಹಳೆಯ ವ್ಯಾನಿನ ದೊಡ್ಡ ಸೆಟ್ಟಿನ ಮುಂದೆ. ಅವನು ಕೆಳಗೆ ಜೀಪಿನಲ್ಲಿ, ಕೈಯಲ್ಲಿ ವಾಕಿಟಾಕಿ. ಎರಡು ತಿರುವು ಹಿಂದೆ ಇನ್ನೊಂದು ಜೀಪಿನಲ್ಲಿ ತಂಡದ ನರ್ಸಕ್ಕ, ಅವಳ ಕೈಯಲ್ಲೂ ವಾಕಿಟಾಕಿ. ಪ್ರತಿ ತಿರುವಿನಲ್ಲೂ ಅವನು ಒಂದರಿಂದ ಹತ್ತರವರೆಗೆ ಎಣಿಸಬೇಕು. ಎಷ್ಟು ಅಂಕಿ ಕೇಳಿಸಿತೋ ಅಷ್ಟನ್ನು ಅವಳು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಎಣಿಕೆಯಲ್ಲಿ ಮನಸ್ಸು ಸೋಲುವಂಥದ್ದು ಏನಿದೆ? ಆದರೂ ಏಳರ ಹತ್ತಿರ ಅವನು ಉಸಿರು ತೆಗೆದುಕೊಳ್ಳುವುದು, ಎಂಟನ್ನು ಸ್ವಲ್ಪ ಎಳೆಯುವುದು ಅವಳಿಗೆ ಗುರುತು ಸಿಗತೊಡಗಿತು. ಸೋಮವಾರದಿಂದ ಶನಿವಾರದವರೆಗೆ ಅವಳ ಕಿವಿ ಏನನ್ನೋ ಹುಡುಕುತ್ತಿತ್ತು.

ನಾಲ್ಕನೆಯ ಭಾನುವಾರ, ಹಳ್ಳದ ತಿರುವಿಗೆ ಇಳಿಯುತ್ತಿದ್ದೇನೆ ಎಂದ. ಸ್ವಲ್ಪ ಹೊತ್ತು ಬಿಟ್ಟು ಅವಳು 'ಎಣಿಸಿ' ಅನ್ನಬೇಕಿತ್ತು. ಬಾಯಿಗೆ ಬೇರೆಯದೇ ಬಂತು.

"ಡಾಕ್ಟ್ರೆ... ಭಾನುವಾರ ಮಾತ್ರ ನಿಮ್ಮ ದನಿ ಕೇಳೋದು ನನಗೆ ಸಾಲ್ತಾ ಇಲ್ಲ. ದಿನಾ ಕೇಳಬೇಕು ಅನ್ನಿಸುತ್ತೆ."

ಬಟನ್ ಬಿಟ್ಟು ಕಾದಳು. ಸೆಟ್ಟಿನಲ್ಲಿ ಉಸಿರಿಲ್ಲ. ಐದು ನಿಮಿಷ... ಹತ್ತು ನಿಮಿಷ. ಹುಲ್ಲಿನ ಮೇಲೆ ಗಾಳಿ ಆಡಿತು, ಅಷ್ಟೇ.

'ಎಂಥ ಮಾತಾಡಿಬಿಟ್ಟೆ...'

ಅವನ ಜೀಪು ಮೇಲೆ ಬಂದಾಗ ಅವಳು ಬೆನ್ನು ತಿರುಗಿಸಿ ವೈರು ಸುತ್ತುತ್ತಿದ್ದಳು. ತಿರುಗದೆಯೇ, ಇವತ್ತಿಗೆ ಸಾಕು ಎಂದಳು. ಅವನು ವಾಕಿಟಾಕಿಯನ್ನು ವ್ಯಾನಿನ ಮೇಲಿಟ್ಟು, ಆಗಲಿ ಎಂದು ಹೊರಟುಹೋದ.

ಮುಂದಿನ ಭಾನುವಾರ ಯಾವುದೋ ಎಮ್ಮೆ ಕರು ಹಾಕುವುದಿದೆ ಎಂದು ಹೇಳಿಕಳಿಸಿದ. ಅದರ ಮುಂದಿನ ವಾರವೂ ಎಮ್ಮೆಯೇ. ಊರಿನ ಎಮ್ಮೆಗಳೆಲ್ಲ ಮಾತಾಡಿಕೊಂಡು ಭಾನುವಾರವೇ ಈಯುತ್ತಿವೆಯಲ್ಲ ಎಂದು ಅಪ್ಪ ಗೊಣಗಿದರು. ಅವಳಿಗೆ ನಗು ಬರಲಿಲ್ಲ. ಬೇಡ ಅನ್ನುವುದನ್ನು ಅವನು ಇಷ್ಟು ಮೆತ್ತಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚುತ್ತಿತ್ತು.

ಓಟಕ್ಕೆ ಇನ್ನೊಂದು ವಾರವಿದ್ದಾಗ ನರ್ಸಕ್ಕ ಅಂಗಡಿಗೆ ಬಂದಳು. ಮರುದಿನದೊಳಗೆ ತಂಡಕ್ಕೆ ತೀರ್ಮಾನ ತಿಳಿಸಬೇಕಿತ್ತು. ಪುಸ್ತಕದಲ್ಲಿ ಎಲ್ಲ ತಿರುವುಗಳ ಮುಂದೆಯೂ ಎಂಟು, ಒಂಬತ್ತು, ಹತ್ತು. ಹಳ್ಳದ ತಿರುವಿನ ಮುಂದೆ ಮಾತ್ರ ಖಾಲಿ. ಅದೊಂದು ತುಂಬಿದರೆ ವಾಕಿಟಾಕಿಯೇ ಧಾರಾಳವಾಯಿತು ಎಂಬುದು ನರ್ಸಕ್ಕನ ಅಂದಾಜು.

"ಅಲ್ಲಿ ಹತ್ತಕ್ಕೆ ಹತ್ತು ಅಂತ ಬರಿಯೇ. ಡಾಕ್ಟ್ರು ಅವತ್ತು ನಿನಗೆ ಹೇಳಿದ್ದು ಒಂದಕ್ಷರ ಬಿಡದೆ ನನಗೇ ಕೇಳಿಸಿದೆ."

ಪೆನ್ನು ನಿಂತಿತು. "ಏನು ಹೇಳಿದ್ರು?"

"ನಿನಗೆ ಹೇಳಿದ್ದನ್ನ ನನ್ನ ಬಾಯಲ್ಲಿ ಕೇಳಬೇಕಾ, ಕಳ್ಳಿ."

"ಅಕ್ಕಾ... ನನಗೆ ಏನೂ ಕೇಳಿಸಲೇ ಇಲ್ಲ."

ನರ್ಸಕ್ಕ ಅವಳ ಮುಖ ನೋಡಿದಳು. ತಮಾಷೆ ಬಿಟ್ಟು ಸ್ಟೂಲು ಎಳೆದು ಕುಳಿತಳು. 'ನನಗೂ ವಾರವೆಲ್ಲ ಭಾನುವಾರ ಯಾವಾಗ ಬರುತ್ತೆ ಅನ್ನೋದೇ ಯೋಚನೆ' ಎಂದಿದ್ದನಂತೆ ಅವನು. ಮನೆಗೆ ಬಂದು ನಿಮ್ಮ ಅಪ್ಪನ ಹತ್ತಿರ ಕೇಳಲಾ, ಎಂದೂ ಕೇಳಿದ್ದನಂತೆ. ನೆತ್ತಿಯಿಂದ ಅವಳ ದನಿ ಗಂಟೆ ಹೊಡೆದಂತೆ ಕೇಳಿಸಿದ್ದರಿಂದ ತನ್ನದೂ ಮುಟ್ಟಿದೆಯೆಂದೇ ನಂಬಿ, ಉತ್ತರಕ್ಕೆ ಕಾದು ನಿಂತಿದ್ದ. ಇಬ್ಬರ ನಡುವಿನ ಮಾತೆಂದು ನರ್ಸಕ್ಕ ಅಂದಿನಿಂದ ತುಟಿ ಹೊಲಿದುಕೊಂಡಿದ್ದಳು.

ಅವಳಿಗೆ ಹೋದ ಜೀವ ಬಂದ ಹಾಗಾಯಿತು. ನಗು ಮೊದಲು ಬಂತೋ ಕಣ್ಣೀರು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

ನೆತ್ತಿಯ ದೊಡ್ಡ ಸೆಟ್ಟಿನ ದನಿ ಹಳ್ಳಕ್ಕೆ ಇಳಿದಿತ್ತು. ಕೈಯಲ್ಲಿನ ಪುಟ್ಟ ಸೆಟ್ಟಿನ ದನಿಗೆ ಬಂಡೆ ಹತ್ತಿ ಮೇಲೆ ಬರುವ ಶಕ್ತಿ ಇರಲಿಲ್ಲ. ಅವನ ಹಿಂದೆಯೇ ಹಳ್ಳಕ್ಕೆ ಇಳಿಯುತ್ತಿದ್ದ ನರ್ಸಕ್ಕನನ್ನು ಮುಟ್ಟಿ ಅಲ್ಲೇ ಉಳಿದಿತ್ತು. ಉತ್ತರ ಬರದಿದ್ದರೆ ಮೊದಲು ಆಂಟೆನಾ ನೋಡಿ ಎಂದು ಊರಿಗೆಲ್ಲ ಹೇಳಿಕೊಡುವವಳು, ಅವತ್ತು ನೇರವಾಗಿ ತನ್ನ ಹಣೆಬರಹ ನೋಡಿಕೊಂಡಿದ್ದಳು.

ಖಾಲಿ ಜಾಗದಲ್ಲಿ ದೊಡ್ಡದಾಗಿ ಸೊನ್ನೆ ಬರೆದಳು. ಅಂಗಡಿಯನ್ನು ಅಪ್ಪನಿಗೆ ಬಿಟ್ಟು ಹೊರಟಳು.

ಪಶು ಆಸ್ಪತ್ರೆಯ ಅಂಗಳದಲ್ಲಿ ಅವನು ಕರುವಿನ ಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಕರು ಪಟ್ಟಿ ಎಳೆದುಕೊಂಡೇ ನಾಲ್ಕು ಹೆಜ್ಜೆ ಹೋಯಿತು.

"ಹಳ್ಳದ ತಿರುವಲ್ಲಿ ನೀವು ಹೇಳಿದ್ದು ನನಗೆ ಮುಟ್ಟಲೇ ಇಲ್ಲ, ಡಾಕ್ಟ್ರೆ."

"ಯಾವ ಮಾತು?"

"ಒಂದೂ ಇಲ್ಲ. ಈಗ ನರ್ಸಕ್ಕ ಹೇಳಿದ ಮೇಲೆ ಗೊತ್ತಾಯ್ತು."

ಅವನು ಅಲ್ಲೇ ನೀರಿನ ತೊಟ್ಟಿಯ ಅಂಚಿನ ಮೇಲೆ ಕುಳಿತ.

"ನೀವು ಇವತ್ತಿಗೆ ಸಾಕು ಅಂದ್ರಿ. ನಾನು ಮಾತು ಮೀರಿದೆ ಅಂದ್ಕೊಂಡೆ."

"ಅದು ಅವತ್ತಿನ ಎಣಿಕೆ ಸಾಕು, ವೈರು ಸುತ್ತೋಣ ಅಂತ ಅಂದಿದ್ದು." ಜೊತೆಗೇ ಕೇಳಿದಳು, "ಆ ಎಮ್ಮೆಗಳು?"

"ಒಂದು ಮಾತ್ರ ನಿಜ."

ಇಬ್ಬರೂ ನಕ್ಕರು. ಕರು ತಿರುಗಿ ನೋಡಿತು.

ಆಮೇಲೆ ಅವಳು ತೀರ್ಮಾನ ಹೇಳಿದಳು. ಹನ್ನೆರಡು ಜೀಪಿಗೂ ಗಾಡಿಗೆ ಕೂರಿಸುವ ಸೆಟ್ಟು, ಚಾವಣಿಯ ಮೇಲೆ ಆಂಟೆನಾ. ವಾಕಿಟಾಕಿ ಏನಿದ್ದರೂ ಇಳಿದು ಮುಂದೆ ನಡೆದು ಚಕ್ರಕ್ಕೆ ದಾರಿ ತೋರಿಸುವವರ ಕೈಗೆ. ಮೇಲಿನ ಮಾತು ಕೆಳಗೆ ಮುಟ್ಟಿದರೆ ಸಾಲದು, ಕೆಳಗಿನದು ಮೇಲೆ ಬರಬೇಕು. ಹತ್ತಕ್ಕೆ ಹತ್ತು ಎಂದು ಬರೆದುಬಿಟ್ಟಿದ್ದರೆ, ಆ ಹಳ್ಳದಲ್ಲಿ ಯಾರಾದರೂ ಮಗುಚಿದ್ದರೆ... ಅವಳು ಅಷ್ಟಕ್ಕೇ ನಿಲ್ಲಿಸಿದಳು. ಅವನು ತಲೆಯಾಡಿಸಿದ. ಇಬ್ಬರಿಗೂ ಬಚಾವಾದೆವು ಅನ್ನಿಸಿತು.

"ಇನ್ನೊಂದು ಕೇಳಿದ್ದೆ ನಾನು," ಎಂದ ಮೆಲ್ಲಗೆ.

"ನರ್ಸಕ್ಕ ಹೇಳಿದ್ದು ಲೆಕ್ಕಕ್ಕಿಲ್ಲ. ನೀವೇ ಕೇಳಿ."

ಅವನು ಕೈ ಒರೆಸಿಕೊಂಡ. "ಮನೆಗೆ ಬಂದು ನಿಮ್ಮ ಅಪ್ಪನ ಹತ್ರ ಕೇಳ್ಲಾ?"

"ಸಂಜೆ ಬನ್ನಿ. ಎರಡು ಸಲ ಕೇಳಬೇಕಾಗುತ್ತೆ. ಮೊದಲ ಸಲ ಅಪ್ಪ ಕೇಳಿಸದವರ ಹಾಗೆ ಕೂತಿರ್ತಾರೆ."

"ಮತ್ತೆ ನೀವು?"

ಅವಳು ಕರುವನ್ನು ಹಿಡಿದು ತಂದು, ಬಿಚ್ಚಿಹೋದ ಪಟ್ಟಿಯ ತುದಿಯನ್ನು ಅವನ ಕೈಗಿಟ್ಟಳು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನನಗೆ ಕೇಳಿಸ್ತು," ಎಂದಳು. "ಹೂಂ."