ಇನ್ನೊಬ್ಬಳು ಸುವರ್ಣಾ

"ಅಕ್ಕಾರ, ಆ ಆಫೀಸಿನ್ಯಾಗ ನಾನು ನಾನಲ್ಲ ಅಂತಾರ್ರೀ."

ಸುವರ್ಣಾ ಹೀಗೆಂದಾಗ ಬಸವರಾಜೇಶ್ವರಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಅವರು ತಲೆಯೆತ್ತಲಿಲ್ಲ. "ಮೊದಲು ಕೂತ್ಕೊಳ್ಳಮ್ಮ. ಆಮೇಲೆ ಅಳು," ಎಂದರು.

2006ರ ಏಪ್ರಿಲ್ ಕೊನೆಯ ಸೋಮವಾರ ಅದು. ಬಸವರಾಜೇಶ್ವರಿ ತಾಲ್ಲೂಕು ಕಚೇರಿಯ ರೆಕಾರ್ಡ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಏನು ಕಳೆದರೂ, ಯಾರ ಸಹಿಯನ್ನು ಯಾರು ಹಾಕಿದರೂ ಜನ ಮೊದಲು ತಟ್ಟುವುದು ಅವರ ಬಾಗಿಲನ್ನೇ. ನಾನು ಅವರ ಮಹಡಿಯ ಬಾಡಿಗೆದಾರಳು. ಹನ್ನೆರಡು ವರ್ಷಗಳಿಂದ ಅವರ ಜೊತೆ ಅಲೆದು, ಕಂಡದ್ದನ್ನು ಬರೆದಿಡುವವಳು.

ಸುವರ್ಣಾ ಗದಗಿನ ಕಡೆಯವಳು. ಎರಡು ಬೀದಿ ಆಚೆ, ಕಾಂತರಾಜು ಎಂಬವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಗಂಡ ಫಕೀರೇಶನ ಬಲಗೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕ ಮೇಲೆ ಮನೆ ನಡೆಸುವುದು ಇವಳ ಪಾಲಿಗೆ ಬಂದಿತ್ತು. ವಿಜಯನಗರದ ಡಾಕ್ಟರಮ್ಮ ಒಬ್ಬರು ತಮ್ಮ ಕಾರಿಗೆ ಹೆಂಗಸೇ ಡ್ರೈವರ್ ಬೇಕು ಎಂದಿದ್ದರು. ಈ ಶನಿವಾರದೊಳಗೆ ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್ ತೋರಿಸಿದರೆ, ಪೂರ್ತಿ ಲೈಸೆನ್ಸ್ ಬಂದ ಮೇಲೆ ಜೂನ್ ಒಂದರಿಂದ ಕೆಲಸ; ಇಲ್ಲವಾದರೆ ಇನ್ನೊಬ್ಬಳು ಕಾಯುತ್ತಿದ್ದಾಳೆ. ಸುವರ್ಣಾ ಆರ್‌ಟಿಓ ಕಚೇರಿಗೆ ಅರ್ಜಿ ಕೊಡಲು ಹೋದರೆ, ಅದೇ ಹೆಸರು, ಅದೇ ಜನ್ಮದಿನಾಂಕ, ಅದೇ ಗಂಡನ ಹೆಸರು, ಅದೇ ವಿಳಾಸದಲ್ಲಿ ಆಗಲೇ ಒಂದು ಲೈಸೆನ್ಸ್ ಇತ್ತು.

"ನಕಲಿ ಯಾರು ಗೊತ್ತಾಗೋ ತನಕ ಅಂತ ನನ್ನ ಮಾರ್ಕ್ಸ್ ಕಾರ್ಡು, ಬಾಡಿಗಿ ಕರಾರು ಪತ್ರ ಎಲ್ಲಾ ಅಲ್ಲೇ ಇಟಗೊಂಡಾರ್ರೀ. ಈಗ ನನ್ನ ಕೈಯಾಗ ಏನೂ ಇಲ್ಲ."

ಮರುದಿನ ಮೂವರೂ ಹೋದೆವು. ಕೌಂಟರಿನಲ್ಲಿದ್ದವರು ಕೆಟ್ಟವರಲ್ಲ, ದಣಿದವರು. "ಫೋಟೋ ಇರೋ ಫೈಲು ರೆಕಾರ್ಡ್ ರೂಮಲ್ಲಿದೆ ಮೇಡಂ. ಪೊಲೀಸ್ ಲೆಟರ್ ಇಲ್ದೆ ತೆಗೆಯಂಗಿಲ್ಲ. ಸ್ಕ್ರೀನಲ್ಲಿರೋದು ಓದ್ತೀನಿ, ಅಷ್ಟೇ," ಎಂದು ಓದಿದರು. ಎಲ್‌ಎಲ್ ಕೊಟ್ಟದ್ದು ಕಳೆದ ಆಗಸ್ಟಿನಲ್ಲಿ. ಲೈಸೆನ್ಸ್ ಅಕ್ಟೋಬರಿನಲ್ಲಿ. ಗೇರಿಲ್ಲದ ಸ್ಕೂಟರಿಗೆ ಮಾತ್ರ. ರಕ್ತದ ಗುಂಪು ಎಬಿ ನೆಗೆಟಿವ್. ಅಸಲು ದಾಖಲೆ ನೋಡಿ ತಾಳೆ ಮಾಡಲಾಗಿದೆ.

"ನಂದು ಬಿ ಪಾಸಿಟಿವ್ ರೀ," ಎಂದಳು ಸುವರ್ಣಾ.

"ಅದಕ್ಕೇನು ಪ್ರೂಫು?" ಎಂದರು ಅವರು, ಅಭ್ಯಾಸಬಲದಿಂದ.

ಹೊರಗೆ ಬಂದ ಮೇಲೆ ಬಸವರಾಜೇಶ್ವರಿ ಒಂದೇ ಪ್ರಶ್ನೆ ಕೇಳಿದರು. "ಹೋದ ವರ್ಷ ಆಗಸ್ಟಲ್ಲಿ ನೀನೆಲ್ಲಿದ್ದೆ?"

"ಪಂಚಮಿಗೆ ತವರಿಗೆ ಹೋಗಿದ್ನಿರಿ, ಮೂರು ವಾರ. ಇವರೂ ಬಂದಿದ್ರು. ಕೋಣೆಗೆ ಬೀಗ ಹಾಕಿ, ಕಾಗದದ ಡಬ್ಬಿ ಮಾತ್ರ ಕೆಳಗ ಮಾಲಕರ ಮನ್ಯಾಗ ಇಟ್ಟಿದ್ನಿ."

"ಡಬ್ಬಿಗೆ ಬೀಗ?"

"ಬಿಸ್ಕೀಟಿನ ಡಬ್ಬಿಗೆ ಎಲ್ಲಿ ಬೀಗ್ರೀ?"

ಸುವರ್ಣಾಳ ಕಾಗದಗಳು ಇನ್ನೊಬ್ಬರ ಕೈಗೂ ಹೋಗಿದ್ದವು. ಮೂಲೆಯ ಡ್ರೈವಿಂಗ್ ಸ್ಕೂಲಿನ ಭರಮಪ್ಪ ಹೋದ ವರ್ಷ ಗ್ಯಾಸ್ ಕನೆಕ್ಷನ್ ಮಾಡಿಸಿಕೊಡುತ್ತೇನೆಂದು ಅವಳಿಂದ ಜೆರಾಕ್ಸ್ ಪ್ರತಿ ಪಡೆದಿದ್ದ. ಬುಧವಾರ ಅವನಲ್ಲಿಗೆ ಹೋದೆವು. ನನಗೆ ಅವನ ಮೇಲೆಯೇ ಅನುಮಾನ.

"ನನ್ನ ಮೇಲೆ ಡೌಟಾ ಮೇಡಂ? ನಾನು ಕಳ್ಳ ಆಗಿದ್ರೆ ಈ ಮುರುಕು ಓಮ್ನಿ ಇಟ್ಕೊಂಡು ಕ್ಲಚ್ಚು ಬ್ರೇಕು ಅಂತ ಕೂಗ್ತಾ ಇರ್ತಿದ್ನಾ?" ಎಂದು ಭರಮಪ್ಪ ನಕ್ಕ. ಮೇಜಿನ ಮೇಲೆ ಅರ್ಜಿಗಳ ಕಟ್ಟಿತ್ತು. ಬಸವರಾಜೇಶ್ವರಿ ಅದನ್ನು ತಿರುವಿಹಾಕಿದರು.

"ಏನಪ್ಪಾ ಭರಮಪ್ಪ, ಇವರೆಲ್ಲರದ್ದೂ ಓ ಪಾಸಿಟಿವ್ವೇ?"

"ನನ್ನ ಹತ್ರ ಬಂದೋರೆಲ್ಲಾ ಓ ಪಾಸಿಟಿವ್ವೇ ಮೇಡಂ. ಯಾರಿಗೆ ಗೊತ್ತಿರತ್ತೆ? ಯಾರು ಕೇಳ್ತಾರೆ?"

ಅಲ್ಲಿಂದ ಕಾಂತರಾಜು ಮನೆಗೆ. ಆ ಬೀದಿ ಇನ್ನೂ ಹೊಲವಾಗಿದ್ದ ಕಾಲದ ಕುಟುಂಬ ಅದು. ಈಗ ಮೂರು ಮನೆ, ಎರಡು ಅಂಗಡಿ. ಕಾಂತರಾಜು ಟಿವಿಯ ಕಡೆಯಿಂದ ಮುಖ ತಿರುಗಿಸದೆ, "ಬಾಡಿಗೆದಾರರ ಕಾಗದ ನಂಗ್ಯಾಕೆ ಮೇಡಂ? ನಮ್ಮ ಕಾಗದಾನೇ ನೋಡ್ಕೊಳ್ಳಕ್ಕಾಗ್ತಿಲ್ಲ," ಎಂದರು. ಅವರ ತಾಯಿ ಮುನಿತಾಯಮ್ಮ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ದಿವಾನದ ಮೇಲೆ ಕೂತಿದ್ದರು. ಸೊಸೆ ಕುಸುಮಾ ಕಾಫಿ ತಂದಿಟ್ಟಳು. ಅವಳ ಸೆರಗು ಹಿಡಿದು ನಾಲ್ಕು ವರ್ಷದ ಮಗಳು ನಿಂತಿದ್ದಳು.

"ಒಂದೇ ಮಗೂನಾ?" ಎಂದು ಬಸವರಾಜೇಶ್ವರಿ ಕೇಳಿದರು.

"ಒಂದಕ್ಕೇ ಸಾಕಾಗೋಯ್ತು ತಾಯಿ," ಎಂದರು ಮುನಿತಾಯಮ್ಮ. "ಹೆರಿಗೇಲಿ ಇವಳಿಗೆ ರಕ್ತ ಬೇಕು ಅಂದ್ರು. ನನ್ನ ಮಗ ನಾಲ್ಕು ಆಸ್ಪತ್ರೆ ಸುತ್ತುದ್ರೂ ಸಿಗ್ಲಿಲ್ಲ. ಇವಳ ರಕ್ತಾನೂ ಇವಳಂಗೇ, ಯಾರಿಗೂ ಹೊಂದಲ್ಲ."

ಕುಸುಮಾ ಖಾಲಿ ಲೋಟಗಳನ್ನು ಎತ್ತಿಕೊಂಡಳು. ಆ ಮಾತನ್ನು ಅವಳು ಎಷ್ಟನೇ ಸಲ ಕೇಳುತ್ತಿದ್ದಾಳೋ ಎಂದು ನನಗನ್ನಿಸಿತು. ಬಸವರಾಜೇಶ್ವರಿ ಮಾತ್ರ ಅವಳು ಒಳಗೆ ಹೋಗುವವರೆಗೂ ಅವಳನ್ನೇ ನೋಡುತ್ತಿದ್ದರು. ಮನೆಗೆ ಮರಳಿ ಗೇಟಿನ ಹತ್ತಿರ ನಿಂತು, "ವಿಜಯಾ, ಈ ಸಲ ನನಗೆ ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದರು.

ಗುರುವಾರ ಸಂಜೆ ಎಲ್ಲರೂ ಕಾಂತರಾಜು ಮನೆಯ ಹಾಲಿನಲ್ಲಿ ಸೇರಿದೆವು. ಭರಮಪ್ಪ ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿದ್ದ. ಸುವರ್ಣಾ ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಒಲ್ಲೆ ಎಂದಳು. ಟಿವಿ ಆರಿಸಲು ಬಸವರಾಜೇಶ್ವರಿ ಎರಡು ಸಲ ಹೇಳಬೇಕಾಯಿತು.

"ಎಲ್‌ಎಲ್‌ಗೂ ಟೆಸ್ಟಿಗೂ ಅರ್ಜಿದಾರರೇ ಹೋಗಿ ನಿಲ್ಲಬೇಕು. ಹಾಗಾಗಿ ಸುವರ್ಣಾ ಅಂತ ಹೋದದ್ದು ಹೆಂಗಸು, ಹೆಚ್ಚುಕಡಿಮೆ ಇದೇ ವಯಸ್ಸಿನವಳು. ಲೈಸೆನ್ಸ್ ಆಗಿದ್ದು ಗೇರಿಲ್ಲದ ಸ್ಕೂಟರಿಗೆ. ಮೋಸದ ದಂಧೆಗೆ ಮಾಡಿಸೋರು ಇಷ್ಟಕ್ಕೆ ತೃಪ್ತಿಪಡಲ್ಲ. ಇವಳಿಗೆ ನಿಜವಾಗಿಯೂ ಸ್ಕೂಟರ್ ಓಡಿಸೋದಿತ್ತು, ಅಷ್ಟೇ." ಅವರು ಭರಮಪ್ಪನ ಕಡೆ ತಿರುಗಿದರು. "ಇವನ ಹತ್ರ ಇದ್ದಿದ್ದು ಜೆರಾಕ್ಸು. ಕಚೇರಿಯವರು ಅಸಲು ನೋಡಿದ್ದಾರೆ. ಅಸಲು ಇದ್ದದ್ದು ಬಿಸ್ಕೀಟಿನ ಡಬ್ಬಿಯಲ್ಲಿ. ಡಬ್ಬಿ ಆಗಸ್ಟಲ್ಲಿ ಮೂರು ವಾರ ಈ ಮನೆಯಲ್ಲಿತ್ತು."

"ನಮ್ಮನೇಲಿ ಕಳ್ಳರಿದಾರೆ ಅಂತೀರಾ?" ಎಂದರು ಕಾಂತರಾಜು.

"ಇನ್ನೊಂದು ಮಾತಿದೆ. ಏಜೆಂಟರು ಬರೆದಿದ್ರೆ ಓ ಪಾಸಿಟಿವ್ ಅಂತಿರ್ತಿತ್ತು. ಸುವರ್ಣಾ ಬರೆದಿದ್ರೆ ಬಿ ಪಾಸಿಟಿವ್. ಅರ್ಜಿಯಲ್ಲಿರೋದು ಎಬಿ ನೆಗೆಟಿವ್, ತೀರಾ ಅಪರೂಪದ್ದು. ಹೆಸರು ಸುಳ್ಳು, ಹುಟ್ಟಿದ ದಿನ ಸುಳ್ಳು, ಗಂಡನ ಹೆಸರೂ ಸುಳ್ಳು. ಇಷ್ಟೆಲ್ಲ ಸುಳ್ಳು ಬರೆದವಳು ರಕ್ತದ ಗುಂಪು ಮಾತ್ರ ಯಾಕೆ ನಿಜ ಬರೆದಳು? ರಕ್ತ ಸಿಗದೆ ಒಂದು ಸಲ ಸಾವಿನ ಹತ್ತಿರ ಹೋಗಿಬಂದಿದ್ದಳು. ರಸ್ತೆಯಲ್ಲಿ ಬಿದ್ದರೆ ಆ ಕಾರ್ಡು ನೋಡಿ ಯಾರಾದರೂ ಉಳಿಸಲಿ, ಮನೆಯಲ್ಲಿ ಮಗು ಇದೆ ಅಂತ."

ಯಾರೂ ಕುಸುಮಾಳ ಕಡೆ ನೋಡಲಿಲ್ಲ. ಅವಳೇ ಮಾತಾಡಿದಳು.

"ಅತ್ತೆ ಮಲಗಿದಾಗ ಎರಡರಿಂದ ನಾಲ್ಕು ಗಂಟೆವರೆಗೆ. ಹಿಂದಿನ ಬೀದಿ ಫ್ರೆಂಡ್ ಸ್ಕೂಟಿ ಕೊಡ್ತಿದ್ಲು. ಉಲ್ಲಾಳದ ಕೆರೆ ತನಕ ಹೋಗಿ ಬರ್ತಿದ್ದೆ."

"ಅಲ್ಲಿ ಯಾರಿದಾರೆ ನಿಂಗೆ?" ಎಂದರು ಕಾಂತರಾಜು.

"ಯಾರೂ ಇಲ್ಲ. ಸುಮ್ಮನೆ."

"ಸುಮ್ಮನೆ ಹೋಗೋಕೆ ಲೈಸೆನ್ಸ್ ಯಾಕೆ?"

"ಪೊಲೀಸ್ನೋರು ಹಿಡಿದ್ರೆ ಮನೆಗೆ ಫೋನ್ ಮಾಡ್ತಾರಲ್ಲ." ಅವಳು ಸುವರ್ಣಾಳ ಕಡೆ ತಿರುಗಿದಳು. "ನಿಮಗೆ ತೊಂದರೆ ಆಗತ್ತೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ. ನನ್ನ ಮಾರ್ಕ್ಸ್ ಕಾರ್ಡು ಅತ್ತೆ ಬೀರುವಿನಲ್ಲಿದೆ. ರೇಷನ್ ಕಾರ್ಡಿಗೆ ನನ್ನ ಹೆಸರು ಸೇರಿಸಿಲ್ಲ. ಓಟಿನ ಪಟ್ಟಿಯಲ್ಲೂ ಇಲ್ಲ. ಬಾಡಿಗೆಗಿರೋ ನಿಮ್ಮ ಹತ್ರ ಇರೋ ಕಾಗದ ಈ ಮನೆ ಸೊಸೆ ಹತ್ರ ಇರಲಿಲ್ಲ."

ಆರು ವರ್ಷದ ಸಂಸಾರ ಅವಳದು. ನನ್ನ ಬ್ಯಾಂಕ್ ಪಾಸ್‌ಬುಕ್ಕಿನ ಮೇಲೆ ಇಂದಿಗೂ ತೀರಿಹೋದ ಗಂಡನ ಹೆಸರೇ ಮೊದಲು ಬರುವುದು ನೆನಪಾಯಿತು. ಪಕ್ಕದಲ್ಲಿ ನಾನಿದ್ದೇನೆ ಎಂಬುದಕ್ಕೆ ಎರಡು ಅಕ್ಷರದ ಇನಿಶಿಯಲ್ ಇದೆ.

ಕುಸುಮಾ ತಪ್ಪೊಪ್ಪಿಗೆಯ ಅಫಿಡವಿಟ್ ಕೊಟ್ಟರೆ ಹಳೆಯ ಲೈಸೆನ್ಸ್ ರದ್ದಾಗಿ ಸುವರ್ಣಾಳ ದಾರಿ ತೆರೆಯುತ್ತದೆ ಎಂದು ಬಸವರಾಜೇಶ್ವರಿ ಹೇಳಿದರು. ಕುಸುಮಾ ತಕ್ಷಣ ಒಪ್ಪಿದಳು. ಮುನಿತಾಯಮ್ಮ ಎದ್ದು ನಿಂತರು. "ಅದೇನ್ ಬರ್ಕೊಡ್ತಾಳೋ ಬರ್ಕೊಡ್ಲಿ. ನನ್ನ ಬೀರು ಬೀಗ ಮಾತ್ರ ತೆಗಿಯಕ್ಕಿಲ್ಲ," ಎಂದು ಒಳಗೆ ಹೋದರು. ಕಾಂತರಾಜು ಮತ್ತೆ ಟಿವಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ನಾವು ನಾಲ್ವರು ಹೆಂಗಸರು ನೋಟರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಬಸವರಾಜೇಶ್ವರಿ ಬರೆಸಿದ್ದ ಕಾಗದವನ್ನು ನೋಟರಿ ಪೂರ್ತಿ ಓದಿದರು.

"ಎಲ್ಲಾ ಸರಿಯಿದೆ. ಕುಸುಮಾ ಯಾರು? ನೀವಾ? ಫೋಟೋ ಐಡಿ ಕೊಡಿ. ಅಡ್ರೆಸ್ ಪ್ರೂಫು ಕೊಡಿ."

ಕುಸುಮಾಳ ಫೋಟೋ ಇದ್ದ ಒಂದೇ ಒಂದು ಕಾರ್ಡು ಸುವರ್ಣಾಳ ಹೆಸರಿನಲ್ಲಿತ್ತು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ.

"ಇವಳು ನನಗೆ ಗೊತ್ತು, ನಾನು ಸಾಕ್ಷಿ ಹಾಕ್ತೀನಿ," ಎಂದರು ಬಸವರಾಜೇಶ್ವರಿ.

"ಹಾಕಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಇವರದೇ ಪ್ರೂಫ್ ಇಲ್ದೆ ಕಳಿಸಿದ್ರೆ ಆ ಆಫೀಸ್ನೋರು ವಾಪಸ್ ಕಳಿಸ್ತಾರೆ. ತಪ್ಪು ಮಾಡಿದೋರು ಯಾರು ಅಂತ ಅವರಿಗೆ ಗೊತ್ತಾಗ್ಬೇಕಲ್ಲ."

ಸುವರ್ಣಾ ಮುಂದೆ ಬಂದಳು. "ನಾ ಹೇಳ್ತೀನ್ರೀ ಸರ. ಮೋಸ ಆಗಿದ್ದು ನನಗ. ಈಕಿ ಕುಸುಮಾನ ಅಂತ ನಾನು ಬರದ ಕೊಡ್ತೀನಿ."

"ನೀವ್ಯಾರಮ್ಮ?"

"ಸುವರ್ಣಾ ರೀ."

"ಅದಕ್ಕೇನಿದೆ ಪ್ರೂಫು?"

ಅವಳ ಕಾಗದಗಳು ಕಚೇರಿಯಲ್ಲಿದ್ದವು. ನಾನು ಬಸವರಾಜೇಶ್ವರಿಯವರ ಮುಖ ನೋಡಿದೆ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಅವರು ನನ್ನ ಕಡೆ ನೋಡಲಿಲ್ಲ. ಹಿಂದಿದ್ದವನೊಬ್ಬ ನಮ್ಮ ಹೆಗಲ ಮೇಲಿಂದ ತನ್ನ ಅರ್ಜಿಯನ್ನು ಮೇಜಿಗೆ ಚಾಚಿದ. ನಾವು ಪಕ್ಕಕ್ಕೆ ಸರಿದೆವು.

ಹೊರಗೆ ಅಂಗಡಿಯ ಮುಂದೆ ಕಾಯಿನ್ ಫೋನಿತ್ತು. ಸುವರ್ಣಾ ಸೆರಗಿನ ಗಂಟು ತಡಕಾಡುತ್ತಿದ್ದಾಗ ಕುಸುಮಾ ತನ್ನ ಪರ್ಸಿನಿಂದ ಒಂದು ರೂಪಾಯಿ ತೆಗೆದು ಕೊಟ್ಟಳು. ಸುವರ್ಣಾ ಅದನ್ನು ಸ್ವಲ್ಪ ಹೊತ್ತು ನೋಡಿ, ತೆಗೆದುಕೊಂಡು, ಡಾಕ್ಟರಮ್ಮನ ನಂಬರು ಒತ್ತಿದಳು.

"ಅಮ್ಮಾರ, ನಾನ್ರೀ ಸುವರ್ಣಾ. ಆ ಇನ್ನೊಬ್ಬಾಕಿ ಕಾಯಾಕತ್ಯಾಳ ಅಂದಿದ್ರೆಲ್ಲಾ, ಆಕೀನ್ನ ಕರೀರಿ."