ಡೆರಿಕ್ ಒಡೆದ ತಲೆ

ಐರ್ಲೆಂಡಿನ ಗಾಲ್ವೇಯಲ್ಲಿ ನನ್ನಷ್ಟು ಜನರನ್ನು ಹೆದರಿಸಿದವನು ಇನ್ನೊಬ್ಬನಿದ್ದರೆ ತೋರಿಸಿ, ಕಾಲು ಹಿಡಿಯುತ್ತೇನೆ. ನಾನು ಎಂಟ್ರಿ ಕೊಟ್ಟರೆ ದೆವ್ವವೂ ಟಿಕೆಟ್ ತಗೊಂಡು ಕೂರಬೇಕು!

ಕೊರೊನಾ ಲಾಕ್‌ಡೌನ್‌ನಲ್ಲಿ ನನ್ನ ರೂಮ್‌ಮೇಟ್ ಡೆರಿಕ್, ಪ್ಲೇಗ್ ಕಾಲದ ಪಾದ್ರಿಯೊಬ್ಬ ತನ್ನ ಊರಿನ ಬಗ್ಗೆ ಬರೆದದ್ದನ್ನು ಕಾಲೇಜಿಗಾಗಿ ಓದುತ್ತಿದ್ದ. ‘ಇದು ಕಟುಕರ ಊರು. ಬಾಗಿಲು ತಟ್ಟಿದ ರೋಗಿಯ ತಲೆ ಒಡೆಯುತ್ತಾರೆ. ಮುಂದೆಂದೋ ಇದನ್ನು ಓದುವವನೇ, ನೀನಾದರೂ ಬಾಗಿಲು ತೆರೆ.’

“ನಾನಾಗಿದ್ರೆ ತೆಗೀತಿದ್ದೆ ಕಣೋ,” ಅಂದ ಡೆರಿಕ್.

ನೋಡೇಬಿಡೋಣ ಹೀರೋ ಅಂದುಕೊಂಡು, ಸಂಜೆ ರೋಗಿಯ ಹಾಗೆ ಕಂಬಳಿ ಹೊದ್ದು, ಮುಂಬಾಗಿಲು ತಟ್ಟಲೆಂದು ಹಿಂಬಾಗಿಲಿನಿಂದ ಹೊರಬಿದ್ದೆ.

ಸುತ್ತಿ ಬಂದರೆ ಮುಂಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಡೆರಿಕ್ ಒಬ್ಬನೇ ನಿಂತಿದ್ದ. ಅವನ ಕೈಯಲ್ಲಿದ್ದ ಹರ್ಲಿಂಗ್ ಆಟದ ಮರದ ಬ್ಯಾಟಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆ ರಕ್ತ ಮುಟ್ಟಿದರೆ ಫ್ರಿಜ್ಜಿನ ನೀರಿನಷ್ಟು ತಣ್ಣಗೆ.

“ಯಾರೋ ತಟ್ಟಿದ. ಕೆಮ್ತಿದ್ದ. ಹೆದ್ರಿ ಹೊಡ್ದುಬಿಟ್ಟೆ ಕಣೋ, ಬುರುಡೆ ಒಡೆದ ಸದ್ದಾಯ್ತು. ಕೊಂದುಬಿಟ್ನಾ?”

“ಅದು ನಾನೇ ಕಣೋ, ಲೂಸು! ಸಣ್ಣ ಪೆಟ್ಟಷ್ಟೇ, ಆರಾಮಾಗಿದ್ದೀನಿ, ಐ ಆಮ್ ಗ್ರ್ಯಾಂಡ್,” ಎಂದು ನಕ್ಕೆ. ಹೊಡೆದದ್ದು ನನಗೇ ಎಂದು ಅವನು ನಂಬಲೆಂದು ವಾರವಿಡೀ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಓಡಾಡಿದೆ. ಪಾಪ, ನಿದ್ದೆ ಮಾಡಿದ.

ಈಗ ಒಪ್ಪಿಕೊಳ್ಳುತ್ತೇನೆ. ಅವತ್ತು ನಾನು ಬಾಗಿಲು ತಟ್ಟಲೇ ಇಲ್ಲ. ತಲೆಯಲ್ಲಿ ಗಾಯವೂ ಇರಲಿಲ್ಲ. ಆದರೆ ಮಲಗುವ ಮುಂಚೆ ಬಿಚ್ಚಿದ ಬ್ಯಾಂಡೇಜಿನಲ್ಲಿ ದಿನಾ ರಕ್ತವಿರುತ್ತಿತ್ತು, ತಣ್ಣಗೆ.